ನಲ್ಲಿ ನೀರಿಗೆ ನಾನಿಟ್ಟ ಹೆಸರು

ಒಂದು ಮನೆತನದಲ್ಲಿ ಮೊಟ್ಟಮೊದಲಿಗೆ ಒಬ್ಬ ಡಿಗ್ರಿ ಮಾಡಿದರೆ ಅವನಿಗೆ ಸಿಗುವುದು ಡಿಗ್ರಿ ಮಾತ್ರವಲ್ಲ. ಊರಿನ ಸಕಲ ಪ್ರಶ್ನೆಗಳಿಗೂ ಉತ್ತರ ಹೇಳುವ ಹೊಣೆ ಅದರ ಜೊತೆಗೇ ಅಂಟಿಕೊಂಡು ಬರುತ್ತದೆ. ನನ್ನ ಬಿ.ಎಸ್ಸಿ. ಫಲಿತಾಂಶ ಬಂದ ವಾರ ನೆರೆಮನೆಯವರು ಕೆಮ್ಮಿನ ಔಷಧಿಯ ಬಾಟಲಿ ತಂದು ಎಷ್ಟು ಚಮಚ ಎಂದು ಕೇಳಿದರು. ಮಾವ ಜಾಗದ ಆರ್‌ಟಿಸಿ ತಂದು ಅದರಲ್ಲಿ ಎಂತ ಬರೆದಿದೆ ನೋಡು ಎಂದರು. ಇನ್ನೊಬ್ಬರು ತಮ್ಮ ದನ ಎರಡು ದಿನದಿಂದ ಹಾಲು ಕೊಡುತ್ತಿಲ್ಲ, ಯಾಕಿರಬಹುದು ಎಂದರು. ನಾನು ಓದಿದ್ದು ರಸಾಯನಶಾಸ್ತ್ರ. ಆದರೆ ಗೊತ್ತಿಲ್ಲ ಎಂದರೆ ಬಾಗಿಲ ಬಳಿ ನಿಂತ ಅಮ್ಮನ ಮುಖ ಸಣ್ಣದಾಗುತ್ತಿತ್ತು. ಹಾಗಾಗಿ ಎಲ್ಲದಕ್ಕೂ ಉತ್ತರ ಹೇಳಿದೆ, ದನದ ವಿಷಯದಲ್ಲಿ ಕೂಡ. ಮರುದಿನ ಅದು ಹಾಲು ಕೊಟ್ಟದ್ದು ನನ್ನ ದುರದೃಷ್ಟ. ಅಂದಿನಿಂದ ಅಮ್ಮನ ಪಾಲಿಗೆ ನನ್ನ ಬಾಯಿಂದ ಬಂದದ್ದು ಶಾಸನ.

ಈ ಡಿಗ್ರಿ ಸುಮ್ಮನೆ ಬಂದದ್ದಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮಂಗಳೂರಿನ ಒಂದು ಹೋಟೆಲಿನಲ್ಲಿ ಬೆಳಗ್ಗೆ ಇಡ್ಲಿ ಬಡಿಸಿ, ಒಂಬತ್ತೂವರೆಗೆ ಕಾಲೇಜಿಗೆ ಓಡಿ, ಎರಡನೇ ವರ್ಷ ಒಂದು ಪೇಪರಿನಲ್ಲಿ ಡುಮ್ಕಿ ಹೊಡೆದು, ಮತ್ತೆ ಕಟ್ಟಿ ಪಾಸಾದವನು ನಾನು. ಕತಾರಿಗೆ ಬರುವಾಗ ಆ ಸರ್ಟಿಫಿಕೇಟಿಗೆ ಅಟೆಸ್ಟೇಶನ್ ಎಂದು ಬೆಂಗಳೂರಿನಿಂದ ಹಿಡಿದು ದಿಲ್ಲಿಯವರೆಗೆ ಸೀಲು ಒತ್ತಿಸಿದೆ. ಈಗ ಅದರ ಹಿಂಬದಿಯಲ್ಲಿರುವ ಸೀಲುಗಳು ಮುಂಬದಿಯ ಅಕ್ಷರಗಳಿಗಿಂತ ಹೆಚ್ಚು. ಇಷ್ಟೆಲ್ಲ ಆಗಿ ಸಿಕ್ಕ ಕೆಲಸ ಒಂದು ಕಟ್ಟಡ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ಬಂದ ಕಾಗದಕ್ಕೆಲ್ಲ ನಂಬರು ಹಾಕಿ ಫೈಲು ಮಾಡುವವನು. ನನ್ನೊಳಗಿನ ರಸಾಯನಶಾಸ್ತ್ರಕ್ಕೆ ಅಲ್ಲಿ ಹೊಟ್ಟೆಗೆ ಬೀಳುವುದು ಆಗಾಗ ಬರುವ ಒಂದೇ ಒಂದು ಕಾಗದ: ಸೈಟಿನ ಕುಡಿಯುವ ನೀರಿನ ಪರೀಕ್ಷೆಯ ರಿಪೋರ್ಟು. ಬೇರೆಯವರು ಅದರ ಕೊನೆಯ ಸಾಲು ನೋಡಿ ಸಹಿ ಹಾಕುತ್ತಾರೆ. ನಾನು ಮಾತ್ರ ಮದುವೆಯ ಕಾಗದ ಓದುವ ಹಾಗೆ ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ನನ್ನ ಮನೆಯ ಈ ಸಲದ ರಾಮಾಯಣಕ್ಕೆ ಆ ಓದೇ ಮೂಲ.

ಈ ಬೇಸಗೆ ಅಮ್ಮ ವಿಸಿಟ್ ವೀಸಾದಲ್ಲಿ ಕತಾರಿನ ಅಲ್ ವುಕೈರಿನಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂದಳು. ಬಂದ ಮೊದಲ ದಿನವೇ ಇಲ್ಲಿನ ನಲ್ಲಿಗಳು ಅವಳನ್ನು ಕಂಗೆಡಿಸಿದವು. ಜುಲೈ ತಿಂಗಳಲ್ಲಿ ಇಲ್ಲಿ ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರುತ್ತದೆ, ಮಾಡಿನ ಮೇಲಿನ ಟ್ಯಾಂಕು ಅಷ್ಟು ಕಾದಿರುತ್ತದೆ. ಆದ್ದರಿಂದ ಗೀಸರ್ ಬಂದ್ ಮಾಡಿ, ಅದರೊಳಗೆ ತಣ್ಣಗೆ ನಿಂತ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿಯಬೇಕು. "ಈ ಊರಲ್ಲಿ ಎಲ್ಲ ತಿರುಗುಮುರುಗು," ಎಂದಳು ಅಮ್ಮ. ಅಮ್ಮ ಆಡುವುದು ತುಳು; ಓದುವವರಿಗೆ ಸುಲಭವಾಗಲೆಂದು ನಾನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಆದರೂ ಅವಳು ಹೊಂದಿಕೊಂಡಳು. ಹೊಂದಿಕೊಂಡು ಹತ್ತು ದಿನ ಆಗಿರಬೇಕು, ನಮ್ಮ ಬಿಲ್ಡಿಂಗಿನ ಕಾವಲುಗಾರ ಟ್ಯಾಂಕು ತೊಳೆಸಿದ. ಆ ಸಂಜೆ ಅಮ್ಮ ಸ್ಟೀಲಿನ ಲೋಟವನ್ನು ಮೂಗಿನ ಬಳಿ ಹಿಡಿದು ಕೇಳಿದಳು, "ಮಗಾ, ಈ ನೀರಿಗೆ ಎಂತದು ವಾಸನೆ? ಸರ್ಕಾರಿ ಆಸ್ಪತ್ರೆಯ ಜಗಲಿಯ ಹಾಗೆ?"

ಇದಕ್ಕೆ ಒಂದು ಸಾಲಿನ ಉತ್ತರವಿತ್ತು. "ಟ್ಯಾಂಕು ತೊಳೆದಿದ್ದಾರೆ, ಕ್ಲೋರಿನ್ ವಾಸನೆ, ನಾಳೆ ಹೋಗ್ತದೆ." ಮುಗಿಯಿತು. ಆದರೆ ಎಷ್ಟೋ ವರ್ಷಗಳಿಂದ ಯಾರೂ ನನ್ನನ್ನು ರಸಾಯನಶಾಸ್ತ್ರದ ಪ್ರಶ್ನೆ ಕೇಳಿರಲಿಲ್ಲ ಸ್ವಾಮಿ. ನಾನು ಸೋಫಾದಿಂದ ಎದ್ದು ನಿಂತೆ. ಹೆಂಡತಿ ಶಾಲಿನಿ ನಾನು ಎದ್ದದ್ದು ನೋಡಿಯೇ ಅಡುಗೆಮನೆಗೆ ಹೋದಳು. ನಾನು ಹೇಳಿದೆ: ಕ್ಲೋರಿನ್ ಹಾಕದಿದ್ದರೆ ಕಾಲರಾ, ಟೈಫಾಯ್ಡ್ ಬರುತ್ತದೆ, ಹಾಕಲೇಬೇಕು. ಆದರೆ ಅದು ಕ್ರಿಮಿಗಳನ್ನು ಕೊಂದು ಸುಮ್ಮನೆ ಕೂರುವ ಜಾತಿಯದ್ದಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದೆ ಉಳಿದ ಕೊಳೆತ ಎಲೆ, ಪಾಚಿಯ ಅಂಶಗಳ ಜೊತೆ ಸೇರಿ ಹೊಸ ಸಂಸಾರ ಹೂಡುತ್ತದೆ. ಆ ಸಂಸಾರದಲ್ಲಿ ಹುಟ್ಟಿದ ಮಕ್ಕಳಿಗೆ ಟ್ರೈಹ್ಯಾಲೋಮೀಥೇನ್ ಎಂದು ಹೆಸರು, ನಾಲ್ವರು ಅಣ್ಣತಮ್ಮಂದಿರು. ಇಲ್ಲಿನ ನೀರು ಸಮುದ್ರದ್ದು. ಉಪ್ಪು ತೆಗೆದರೂ ಬ್ರೋಮೈಡ್ ಚೂರುಪಾರು ಉಳಿಯುತ್ತದೆ, ಹಾಗಾಗಿ ಇಲ್ಲಿ ಹುಟ್ಟುವವರು ಬ್ರೋಮಿನ್ ಕಡೆಯ ಮುಖಲಕ್ಷಣದವರು. ಇಂಥ ನೀರನ್ನು ಹೆಚ್ಚಿನ ಪ್ರಮಾಣದಲ್ಲಿ ಬಹಳ ವರ್ಷ ಕುಡಿದರೆ ಮೂತ್ರಕೋಶದ ಕ್ಯಾನ್ಸರ್ ತುಸು ಹೆಚ್ಚಾದೀತು ಎಂದು ವಿಜ್ಞಾನಿಗಳಿಗೆ ಅನುಮಾನ. ಅದಕ್ಕೇ ಎಲ್ಲ ಕಡೆ ಇಷ್ಟೇ ಇರಬೇಕು ಎಂದು ಮಿತಿ ಹಾಕಿ ಅಳೆಯುತ್ತಾರೆ. ಇದರಲ್ಲಿ ಒಂದು ಅಕ್ಷರವೂ ತಪ್ಪಲ್ಲ. ಎಡವಿದ್ದು ಒಂದೇ ಕಡೆ. ಈ ಮಕ್ಕಳನ್ನೆಲ್ಲ ಸೇರಿಸಿ ಕನ್ನಡದಲ್ಲಿ ಉಪ-ಉತ್ಪನ್ನ ಎನ್ನುತ್ತಾರೆ. ತುಳುವಿನಲ್ಲಿ ಏನೆನ್ನುತ್ತಾರೆ? ನನ್ನ ನಾಲಿಗೆ ಅರೆಕ್ಷಣ ತಡವರಿಸಿತು. ಭಾಷಣದ ಓಟ ನಿಲ್ಲಬಾರದೆಂದು ಕೈಗೆ ಸಿಕ್ಕ ಶಬ್ದ ಹಾಕಿಬಿಟ್ಟೆ. "ಅದು ಒಂಥರಾ ವಿಷ ಅಂತ ಇಟ್ಕೊ ಅಮ್ಮ," ಎಂದೆ.

ಅಮ್ಮ ಲೋಟವನ್ನು ಮೆಲ್ಲನೆ ಕೆಳಗಿಟ್ಟಳು. "ಕುದಿಸಿದ್ರೆ?" ಎಂದು ಕೇಳಿದಳು. ಪಾತ್ರೆಯ ಮುಚ್ಚಳ ತೆಗೆದು ಕುದಿಸಿದರೆ ಈ ನಾಲ್ವರು ಬಹುಮಟ್ಟಿಗೆ ಹಾರಿಹೋಗುತ್ತಾರೆ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಾನು, "ಆದ್ರೆ ಇವರ ದಾಯಾದಿಗಳಲ್ಲಿ ಕೆಲವರು ಹಾರೂದಿಲ್ಲ, ನೀರು ಬತ್ತಿದ ಹಾಗೆ ಮತ್ತೂ ಗಟ್ಟಿಯಾಗ್ತಾರೆ," ಎಂದೆ. "ಹಾಗಾದ್ರೆ ಆ ದೊಡ್ಡ ಬಾಟ್ಲಿಯ ನೀರು?" ಅದೂ ಇದೇ ಸಮುದ್ರದ್ದಿರಬಹುದು, ಓಝೋನ್ ಹಾಯಿಸಿದ್ದರೆ ಬ್ರೋಮೇಟ್ ಎಂಬ ಇನ್ನೊಂದು ಹುಟ್ಟಬಹುದು ಎಂದು ಅದನ್ನೂ ವಿವರಿಸಿದೆ. ಕೊನೆಗೆ, ಯಾರೂ ಕೇಳದಿದ್ದರೂ, ಬಿಸಿನೀರಿನ ಸ್ನಾನದ ಹಬೆಯಲ್ಲಿ ಇವು ಮೂಗಿನಿಂದಲೂ ಒಳಗೆ ಹೋಗುತ್ತವೆ ಎಂದು ಬೋನಸ್ ಕೊಟ್ಟೆ. ಕಾಲು ಗಂಟೆಯಲ್ಲಿ ನಾನು ಆ ಮುದುಕಿಗೆ ನೀರಿನ ಎಲ್ಲ ಬಾಗಿಲುಗಳನ್ನೂ ಮುಚ್ಚಿ, ಸುಖವಾಗಿ ಟಿವಿ ಹಾಕಿಕೊಂಡು ಕೂತೆ. ಅಡುಗೆಮನೆಯಿಂದ ಶಾಲಿನಿಯ ಸ್ವರ ಬಂತು: "ಪಾಠ ಮುಗೀತಾ ಮಾರಾಯ್ರೆ? ಅನ್ನಕ್ಕೆ ಇಡ್ಬೇಕು. ಯಾವ ನೀರಲ್ಲಿ ಇಡೂದು ಹೇಳಿ."

ಆ ತಮಾಷೆ ನನಗೆ ನಾಟಿತು. ಛೆ, ಡಿಗ್ರಿ ಇರುವವನು ಬಾಯಲ್ಲಿ ಹೇಳುವುದಲ್ಲ, ಅಳೆದು ತೋರಿಸಬೇಕು ಎಂದು ಹಟ ತೊಟ್ಟೆ. ಆಫೀಸಿಗೆ ರಿಪೋರ್ಟು ಕಳಿಸುವ ಲ್ಯಾಬಿಗೇ ಹೋಗಿ, ಮನೆಯ ನೀರು ಪರೀಕ್ಷೆ ಮಾಡಿಸಬೇಕು ಎಂದೆ. ಕೌಂಟರಿನಲ್ಲಿದ್ದದ್ದು ಕಾಸರಗೋಡಿನ ಒಬ್ಬ ಹುಡುಗಿ, ಕನ್ನಡ ಬರುತ್ತಿತ್ತು. ಕಂದು ಬಣ್ಣದ ಒಂದು ಪುಟ್ಟ ಬಾಟಲಿಯನ್ನೂ ಒಂದು ಚೀಟಿಯನ್ನೂ ಕೊಟ್ಟು, "ಚೀಟಿ ಓದಿ ಸಾರ್," ಎಂದಳು. ನಾನು ನಕ್ಕೆ. "ನಾನು ಕೆಮಿಸ್ಟ್ರಿ ಗ್ರಾಜುಯೇಟ್," ಎಂದೆ. ಅವಳೂ ನಕ್ಕಳು. ಅವಳ ನಗುವಿನ ಅರ್ಥ ನನಗೆ ಆಮೇಲೆ ತಿಳಿಯಿತು.

ಶುಕ್ರವಾರ ಬೆಳಗ್ಗೆ ಮನೆಮಂದಿಯನ್ನೆಲ್ಲ ಸಿಂಕಿನ ಮುಂದೆ ನಿಲ್ಲಿಸಿಕೊಂಡು ಶಾಸ್ತ್ರೋಕ್ತವಾಗಿ ಸ್ಯಾಂಪಲ್ ತೆಗೆದೆ. ಮುಚ್ಚಳ ತೆಗೆದು ನೋಡಿದರೆ ಬಾಟಲಿಯ ತಳದಲ್ಲಿ ಏನೋ ಬಿಳಿ ಪುಡಿ. "ನೋಡಿ, ಇಷ್ಟು ದೊಡ್ಡ ಲ್ಯಾಬು, ಬಾಟ್ಲಿ ತೊಳಿಲಿಕ್ಕೆ ಬರೂದಿಲ್ಲ," ಎಂದು ಮರುಗಿದೆ. ಕಾಲೇಜಿನಲ್ಲಿ ನಮ್ಮ ಲ್ಯಾಬ್ ಮೇಷ್ಟ್ರು ಬಡಿದು ಬಡಿದು ಕಲಿಸಿದ ಮೊದಲ ಪಾಠವೇ ಅದು: ಬ್ಯುರೆಟ್ಟನ್ನು ಯಾವ ದ್ರಾವಣ ತುಂಬುತ್ತೀರೋ ಅದೇ ದ್ರಾವಣದಿಂದ ಮೂರು ಸಲ ತೊಳೆಯಬೇಕು. ತೊಳೆಯದಿದ್ದರೆ ಪ್ರಾಕ್ಟಿಕಲ್ಲಿನಲ್ಲಿ ಮಾರ್ಕು ಹೋಗುತ್ತಿತ್ತು. ನಾನು ನಲ್ಲಿ ನೀರಿನಿಂದ ಮೂರು ಸಲ ಕುಲುಕಿ ಕುಲುಕಿ ತೊಳೆದೆ, ಅಮ್ಮ ನೋಡುತ್ತಿದ್ದಾಳೆಂದು ನಾಲ್ಕನೆಯ ಸಲವೂ ತೊಳೆದೆ. ಮತ್ತೆ ಕಂಠದವರೆಗೆ ಮಾತ್ರ ತುಂಬಿ, ಚೆಲ್ಲದ ಹಾಗೆ ಮೇಲೆ ಒಂದು ಬೆರಳು ಜಾಗ ಬಿಟ್ಟು ಮುಚ್ಚಳ ಹಾಕಿದೆ. ಶಾಲಿನಿ ಒದ್ದೆಯಾಗಿ ಬಿದ್ದಿದ್ದ ಚೀಟಿ ಎತ್ತಿ, "ಇಲ್ಲಿ ಎಂತದೋ ಡು ನಾಟ್ ಅಂತ ದಪ್ಪಕ್ಷರದಲ್ಲಿ ಉಂಟಲ್ಲ?" ಎಂದಳು. "ಅದು ಓದದವರಿಗೆ," ಎಂದೆ.

ಲ್ಯಾಬಿನ ಹುಡುಗಿ ಬಾಟಲಿಯನ್ನು ಬೆಳಕಿಗೆ ಹಿಡಿದಳು. ತಲೆಕೆಳಗೆ ಮಾಡಿದಳು. "ಸಾರ್, ಇದರಲ್ಲಿದ್ದ ಪುಡಿ ಎಲ್ಲಿ?"

"ಧೂಳು ಇತ್ತು ಮಾ. ನಾನೇ ತೊಳೆದೆ."

"ಅಯ್ಯೋ, ಅದು ಧೂಳಲ್ಲ ಸಾರ್! ಕ್ಲೋರಿನನ್ನು ಅಲ್ಲೇ ನಿಲ್ಲಿಸ್ಲಿಕ್ಕೆ ನಾವೇ ಹಾಕಿದ್ದು. ಅದಿಲ್ಲದಿದ್ರೆ ಬಾಟ್ಲಿಯೊಳಗೂ ಕ್ಲೋರಿನ್ ಕೆಲಸ ಮಾಡ್ತಾ ಇರ್ತದೆ, ಲೆಕ್ಕ ಹೆಚ್ಚು ತೋರಿಸ್ತದೆ. ಮೇಲೆ ಜಾಗ ಬಿಟ್ಟಿದ್ದೀರಿ, ಇದ್ದದ್ದು ಆ ಗಾಳಿಗೆ ಏಳ್ತದೆ, ಲೆಕ್ಕ ಕಡಿಮೆ ತೋರಿಸ್ತದೆ." ಅವಳು ತುಟಿ ಬಿಗಿಹಿಡಿದು ನಗು ತಡೆದಳು. "ಒಂದು ಕಡೆ ಏರಿಸಿದ್ರಿ, ಒಂದು ಕಡೆ ಇಳಿಸಿದ್ರಿ. ಎರಡೂ ಸೇರಿ ಸರಿಹೋಯ್ತು ಅಂತ ರಿಪೋರ್ಟ್ ಕೊಡ್ಲಿಕ್ಕೆ ಆಗೂದಿಲ್ಲ ಸಾರ್. ಖಲಾಸ್. ಹೊಸ ಬಾಟ್ಲಿ ತಗೊಂಡೋಗಿ. ಚೀಟಿ ಓದಿ."

ಓದದವನು ಅಂಥ ತಪ್ಪು ಮಾಡುತ್ತಿರಲಿಲ್ಲ. ಶಾಲಿನಿಯ ಕೈಯಲ್ಲಿ ಕೊಟ್ಟಿದ್ದರೆ ಚೀಟಿ ಓದಿ, ಹೇಳಿದ ಹಾಗೆ ತುಂಬಿ ತರುತ್ತಿದ್ದಳು. ಆ ತಪ್ಪು ಮಾಡಲು ಮೂರು ವರ್ಷ ಲ್ಯಾಬಿನಲ್ಲಿ ನಿಂತು ಕಲಿತಿರಬೇಕು. ಮನೆಗೆ ಬಂದು, "ರಿಪೋರ್ಟ್ ಬರ್ಲಿಕ್ಕೆ ತಡ ಉಂಟು," ಎಂದಷ್ಟೇ ಹೇಳಿದೆ. ಅಮ್ಮ ಆಯಿತು ಎಂದು ತಲೆ ಆಡಿಸಿದಳು. ಅವಳ ಮುಖ ಬಾಡಿದಂತೆ ಕಂಡಿತು. ಸೆಕೆ ಎಂದುಕೊಂಡೆ.

ಗುಟ್ಟು ರಟ್ಟು ಮಾಡಿದವಳು ಏಳನೇ ಕ್ಲಾಸಿನ ಮಗಳು ಸಾನ್ವಿ. ಅವಳ ಕನ್ನಡ ಅರ್ಧ ಇಂಗ್ಲಿಷು. "ಪಪ್ಪಾ, ಅಜ್ಜಿ ವಾಟರ್ ಕುಡಿಯೋದೇ ಇಲ್ಲ. ಮಮ್ಮಿ ಕೊಟ್ರೆ ಸಿಂಕಿಗೆ ಹಾಕ್ತಾರೆ, ನಾನು ಸೀನ್ ಮಾಡಿದೆ," ಎಂದಳು. ಅಮ್ಮನನ್ನು ಕೇಳಿದರೆ ಸಿಕ್ಕಿಬಿದ್ದ ಮಗುವಿನ ಹಾಗೆ ಸೆರಗಿನ ತುದಿ ತಿರುಚಿದಳು. ಹತ್ತು ದಿನದಿಂದ ಅವಳು ಬೆಳಗ್ಗೆ ಅರ್ಧ ಲೋಟ ಚಾ, ಮಧ್ಯಾಹ್ನ ಒಂದಿಷ್ಟು ಲಬನ್, ಅಂದರೆ ಇಲ್ಲಿನ ಅಂಗಡಿಯ ಮಜ್ಜಿಗೆ, ಇಷ್ಟರಲ್ಲೇ ದಿನ ದೂಡಿದ್ದಳು, ಕುಲುಮೆಯಂಥ ಈ ಊರಿನಲ್ಲಿ. ಬಚ್ಚಲಿನಲ್ಲಿ ಮೂಗು ಹಿಡಿದುಕೊಂಡು ಎರಡು ಚೊಂಬು ಸುರಿದುಕೊಂಡು ಬರುತ್ತಿದ್ದಳಂತೆ. "ಸಿಂಕಿಗೆ ಯಾಕೆ ಹಾಕಿದ್ದು? ಬಾಲ್ಕನಿಯ ಬೇವಿನ ಗಿಡಕ್ಕಾದ್ರೂ ಹಾಕ್ಬಹುದಿತ್ತಲ್ಲ?" ಎಂದಳು ಶಾಲಿನಿ. ಅಮ್ಮ ಗಾಬರಿಯಿಂದ, "ಗಿಡ ಸತ್ರೆ?" ಎಂದಳು. ನಾನು ನಗಲು ಹೊರಟವನು, ಅವಳು ಕುರ್ಚಿಯಿಂದ ಏಳುವಾಗ ಗೋಡೆ ಹಿಡಿದದ್ದು ಕಂಡು ಓಡಿಹೋಗಿ ತೋಳು ಹಿಡಿದೆ. ಮೈ ಮುಟ್ಟಿ ನೋಡಿದರೆ ಸುಡುತ್ತಿತ್ತು. ಮೂತ್ರಕ್ಕೆ ಹೋದರೆ ಉರಿ ಎಂದು ಎರಡು ದಿನದಿಂದ ಯಾರಿಗೂ ಹೇಳಿರಲಿಲ್ಲ.

ಕ್ಲಿನಿಕ್ಕಿನ ಡಾಕ್ಟರು ಹೈದರಾಬಾದಿನವರು, ಮಾತು ಹಿಂದಿಯಲ್ಲಿ. ಅಮ್ಮನಿಗೆ ತುಳು ಬಿಟ್ಟರೆ ಬೇರೆ ಬಾರದು. ನಡುವೆ ನಾನು ದುಭಾಷಿ. ಅಂದರೆ ನನ್ನ ತಪ್ಪನ್ನು ನಾನೇ ಎರಡು ಭಾಷೆಗಳಲ್ಲಿ ಆಡಬೇಕಾಯಿತು. ಮೈಯಲ್ಲಿ ನೀರಿಲ್ಲ, ಅದರಿಂದ ಮೂತ್ರದ ಸೋಂಕು, ಇವರು ಯಾಕೆ ನೀರು ಕುಡಿಯುತ್ತಿಲ್ಲ ಎಂದು ಡಾಕ್ಟರು ಕೇಳಿದರು. ನಾನು ತುಳುವಿನಲ್ಲಿ ಕೇಳುವ ಮೊದಲೇ ಅಮ್ಮ, "ವಿಷ ಉಂಟಲ್ಲ, ಅದನ್ನು ಅವರಿಗೆ ಹೇಳು ಮಗಾ. ಅವರಿಗೂ ಗೊತ್ತಾಗ್ಲಿ, ಪಾಪ," ಎಂದಳು. ಹೇಳಿದೆ. ಕ್ಯಾನ್ಸರಿನ ಮಾತನ್ನೂ ಸೇರಿಸಿದೆ. ಡಾಕ್ಟರು ಪೆನ್ನು ಕೆಳಗಿಟ್ಟು, "ಹೀಗೆ ಹೇಳಿದವರು ಯಾರು?" ಎಂದರು. ನಾನು ಕೆಮ್ಮಿದೆ. ಅವರು ಮತ್ತೆ ಕೇಳಿದರು: ಕ್ಯಾನ್ಸರಿನ ಹೆದರಿಕೆಯಾದರೆ ಮೊದಲು ಕೇಳಬೇಕಾದದ್ದು ಬೇರೆ, ತಂಬಾಕಿನ ಅಭ್ಯಾಸ ಇದೆಯೇ? ಅದನ್ನು ತುಳುವಿಗೆ ತಿರುಗಿಸಿದೆ. ಅಮ್ಮ ಸರಕ್ಕನೆ ನೆಟ್ಟಗೆ ಕೂತಳು. "ಸೇದಿಲ್ಲ ಅಂತ ಹೇಳು. ಕಟ್ಟಿದ್ದೇನೆ. ನಿನ್ನ ಕಾಲೇಜಿನ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ದಿನಾ ಬೀಡಿ ಕಟ್ಟಿದ್ದೇನೆ, ಕೋಣೆಯೊಳಗೆ ಕೂತು."

ಆ ಮೂರು ವಾಕ್ಯವನ್ನು ಹಿಂದಿಗೆ ತರಲು ನನಗೆ ಹಿಡಿದಷ್ಟು ಹೊತ್ತು ಇಡೀ ಟ್ರೈಹ್ಯಾಲೋಮೀಥೇನನ್ನು ತುಳುವಿಗೆ ತರಲು ಹಿಡಿದಿರಲಿಲ್ಲ. ಡಾಕ್ಟರು ಒಂದು ಕ್ಷಣ ಅಮ್ಮನ ಬೆರಳುಗಳನ್ನು ನೋಡಿ, ಮೂತ್ರಕೋಶಕ್ಕೆ ತಂಬಾಕಿನ ಅಪಾಯ ನೀರಿನದಕ್ಕಿಂತ ಬಹಳ ದೊಡ್ಡದು, ಅದಕ್ಕೂ ಒಮ್ಮೆ ತಪಾಸಣೆ ಮಾಡಿಸೋಣ ಎಂದು ಬರೆದರು. ಮಾಡಿಸಿದೆವು, ದೇವರ ದಯೆ, ಏನೂ ಇರಲಿಲ್ಲ. ಆದರೆ ನೀರಿನ ಹನಿಹನಿಯನ್ನು ಅನುಮಾನಿಸಿದ ನನ್ನ ರಸಾಯನಶಾಸ್ತ್ರ, ಆ ಕೋಣೆಯ ತಂಬಾಕಿನ ಧೂಳಿನ ಬಗ್ಗೆ ಇಷ್ಟು ವರ್ಷ ತುಟಿ ಬಿಚ್ಚಿರಲಿಲ್ಲ. ಅದರ ಫೀಸು ಅಲ್ಲಿಂದ ಬಂದದ್ದರಿಂದಲೋ ಏನೋ.

ಡಾಕ್ಟರು ಮಾತ್ರೆ ಕೊಟ್ಟು, ದಿನಕ್ಕೆ ಕಡಿಮೆಯೆಂದರೆ ಹತ್ತು ಲೋಟ ನೀರು ಎಂದು ಹೇಳಿ ಕಳಿಸಿದರು. ಕಾರಿನಲ್ಲಿ ಅಮ್ಮ ಕೇಳಿದಳು, "ಹತ್ತು ಲೋಟ ಯಾವ ನೀರು?" ಆಗಲೇ ನಿರ್ಧಾರ ಮಾಡಿದೆ: ಯಾವ ಬಾಯಿ ಬಾಗಿಲು ಮುಚ್ಚಿತೋ ಅದೇ ಬಾಯಿ ತೆರೆಯಬೇಕು, ಮತ್ತು ಈ ಸಲ ಕೈಯಲ್ಲಿ ಕಾಗದ ಇರಬೇಕು. ಅಲ್ಲಿಯವರೆಗೆ ಎಳನೀರು. ಇಲ್ಲಿ ಅದನ್ನು ಪ್ಲಾಸ್ಟಿಕ್ ಸುತ್ತಿ ಸೂಪರ್ ಮಾರ್ಕೆಟಿನಲ್ಲಿ ಮಾರುತ್ತಾರೆ. ಅಮ್ಮ ಅದರ ಗಾತ್ರ ನೋಡಿ, "ಇದು ನಮ್ಮಲ್ಲಿ ಮಂಗ ಬಿಸಾಡಿದ್ದು," ಎಂದಳಾದರೂ ಕುಡಿದಳು.

ಹೊಸ ಬಾಟಲಿ ತಂದೆ. ಚೀಟಿಯನ್ನು ಎರಡು ಸಲ ನಾನು ಓದಿದೆ, ಒಂದು ಸಲ ಶಾಲಿನಿ ಗಟ್ಟಿಯಾಗಿ ಓದಿದಳು. ತೊಳೆಯಲು ಕೈ ತುರಿಸಿತು; ಮೂರು ಸಲ ತುರಿಸಿತು. ತೊಳೆಯಲಿಲ್ಲ. ಪುಡಿ ಹೊರಚೆಲ್ಲದ ಹಾಗೆ, ಒಂದು ಗುಳ್ಳೆಯೂ ಉಳಿಯದ ಹಾಗೆ ಬಾಯಿಮಟ್ಟ ತುಂಬಿ, ಐಸ್ ಹಾಕಿದ ಡಬ್ಬದಲ್ಲಿಟ್ಟು, ಮದುಮಗಳನ್ನು ಕರೆದೊಯ್ಯುವ ಹಾಗೆ ನಿಧಾನಕ್ಕೆ ಕಾರು ಬಿಟ್ಟೆ. ಹುಡುಗಿ ಬಾಟಲಿ ತಲೆಕೆಳಗೆ ಮಾಡಿ ನೋಡಿ, "ಪಾಸ್ ಸಾರ್," ಎಂದಳು. ವಾರ ಕಳೆದು ರಿಪೋರ್ಟು ಬಂತು. ಕುಡಿಯಲು ಯೋಗ್ಯ, ನಾಲ್ವರು ಅಣ್ಣತಮ್ಮಂದಿರೂ ಮಿತಿಗಿಂತ ಬಹಳ ಕೆಳಗೆ.

ಅಮ್ಮನ ಮುಂದೆ ಕೂತು ಬೆರಳಿಟ್ಟು ತೋರಿಸಿದೆ. ಅವಳು ಗಮನವಿಟ್ಟು ಕೇಳಿ, "ಹಾಗಾದ್ರೆ ಉಂಟು ಅಂತ ಆಯ್ತಲ್ಲ?" ಎಂದಳು.

"ಉಂಟು. ಆದ್ರೆ ಸ್ವಲ್ಪ."

"ಸ್ವಲ್ಪ ವಿಷ ಅಂತ ಯಾರಾದ್ರೂ ಕುಡಿತಾರಾ ಮಗಾ?"

ಶಾಲಿನಿ ಬಟ್ಟೆ ಮಡಚುತ್ತಾ ಕಣ್ಣಲ್ಲೇ ನಕ್ಕಳು: ಅನುಭವಿಸಿ. ನಾನು ಬಿಡಲಿಲ್ಲ. ಪುಸ್ತಕದ ಉದಾಹರಣೆಗಳನ್ನೆಲ್ಲ ಪಕ್ಕಕ್ಕಿಟ್ಟು ಯೋಚಿಸಿದೆ. ಆಗ ತುಳುವರ ಆಟಿ ತಿಂಗಳು, ಅಂದರೆ ಹೆಚ್ಚುಕಡಿಮೆ ಆಷಾಢ, ನಡೆಯುತ್ತಿತ್ತು. ಊರಿನಲ್ಲಿ ಆಟಿ ಅಮಾವಾಸ್ಯೆಯ ಬೆಳಗ್ಗೆ ಪಾಲೆ ಮರದ ಕೆತ್ತೆ, ಅಂದರೆ ತೊಗಟೆ, ಜಜ್ಜಿ ಕಷಾಯ ಮಾಡಿ ಎಲ್ಲರೂ ಕುಡಿಯುತ್ತಾರೆ. ಬಾಯಿಗಿಟ್ಟರೆ ಹಿಂದಿನ ಜನ್ಮ ನೆನಪಾಗುವಷ್ಟು ಕಹಿ. "ಅಮ್ಮ, ಆಟಿಯ ಕಷಾಯ ಒಬ್ಬರಿಗೆ ಎಷ್ಟು ಕೊಡ್ತಿ?" ಎಂದೆ.

"ದೊಡ್ಡವರಿಗೆ ಅರ್ಧ ಲೋಟ. ಮಕ್ಕಳಿಗೆ ಒಂದು ಗುಟುಕು."

"ಚೊಂಬುಗಟ್ಟಲೆ ಯಾಕೆ ಕೊಡೂದಿಲ್ಲ?"

"ಹೊಟ್ಟೆ ತೊಳೆದು ಹೋಗ್ತದೆ. ಮೈ ತಾಳೂದು ಬೇಡ್ವಾ?"

"ಅದೇ! ಮೈ ತಾಳುವಷ್ಟು ಎಷ್ಟು ಅಂತ ಲೆಕ್ಕ ಹಾಕಿ, ಅದಕ್ಕಿಂತಲೂ ಎಷ್ಟೋ ಕೆಳಗೆ ಗೆರೆ ಎಳೆದಿದ್ದಾರೆ. ನಮ್ಮ ನೀರು ಆ ಗೆರೆಗಿಂತಲೂ ಕೆಳಗೆ ಉಂಟು. ಕ್ಲೋರಿನ್ ಹಾಕದೇ ಇದ್ರೆ ಬರುವ ಕಾಯಿಲೆ ಅದಕ್ಕಿಂತ ದೊಡ್ಡದು. ವಿಷ ಅಂದದ್ದು ನನ್ನ ತಪ್ಪು ಅಮ್ಮ. ನನಗೆ ಸರಿಯಾದ ಶಬ್ದ ಸಿಗಲಿಲ್ಲ."

ಆಡಿದ ಮೇಲೆ ನನಗೇ ಗಾಬರಿಯಾಯಿತು. ತಪ್ಪು ಎಂಬ ಮಾತನ್ನು ನಾನು ಅಮ್ಮನ ಎದುರು ಆಡಿದ್ದು ಅದೇ ಮೊದಲು. ಅವಳ ಮುಖ ಸಣ್ಣದಾಗುತ್ತದೆಂದು ಕಾದೆ. ಆಗಲಿಲ್ಲ. ಮುಖ ಗಂಭೀರವಾಯಿತು. "ಸರಿ. ಕೆತ್ತೆ ತೆಗೆಯುವಾಗ ಮರ ತಪ್ಪಿದ್ರೆ ಜೀವಕ್ಕೇ ಅಪಾಯ," ಎಂದಳು. "ಅದಕ್ಕೆ ಕೆತ್ತೆ ತಂದವ ಮೊದಲು ಕುಡಿಬೇಕು. ನಿನ್ನ ಅಪ್ಪ ಹಾಗೇ ಮಾಡ್ತಿದ್ರು. ಅವರು ಕುಡಿದು ಸ್ವಲ್ಪ ಹೊತ್ತು ಆದ ಮೇಲೆ ನಾವು. ಈ ಮಾತು ತಂದದ್ದು ನೀನಲ್ವಾ? ನೀನು ಕುಡಿ." ನಾನು ನಲ್ಲಿಯಿಂದ ಲೋಟ ತುಂಬಿಸಿ ಗಟಗಟನೆ ಕುಡಿದೆ. ಅವಳು ಗೋಡೆ ಗಡಿಯಾರ ನೋಡಿದಳು, ನನ್ನ ಕಣ್ಣು ನೋಡಿದಳು, ಒಮ್ಮೆ ನಾಲಿಗೆಯನ್ನೂ ನೋಡಿದಳು. ಐದು ನಿಮಿಷ ಕಳೆದು ತಾನೂ ಒಂದು ಲೋಟ ಕುಡಿದಳು. ಶಾಲಿನಿ ಸೆರಗಿನಿಂದ ಕಣ್ಣೊರೆಸಿದಳು. ನಕ್ಕು ಬಂದ ನೀರೋ ಬೇರೆಯೋ ನಾನು ಕೇಳಲಿಲ್ಲ.

ಆದರೆ ಅಮ್ಮನಿಗೆ ಒಂದು ಸಲದ ಪರೀಕ್ಷೆ ಸಾಲದು. ಪ್ರತಿ ಲೋಟಕ್ಕೂ ಮೊದಲ ಲೋಟ ನನ್ನದು. ಡಾಕ್ಟರು ಅವಳಿಗೆ ಹತ್ತು ಎಂದದ್ದು ನನಗೂ ಹತ್ತು. ಆಫೀಸಿನಲ್ಲಿದ್ದಾಗ ವಿಡಿಯೋ ಕಾಲ್ ಬರುತ್ತದೆ. ಮನೆಯಿಂದ ಒಯ್ದ ನೀರನ್ನು ನಾನು ಕ್ಯಾಮೆರಾದ ಮುಂದೆ ಕುಡಿದು ತೋರಿಸಬೇಕು, ಐದು ನಿಮಿಷ ಬದುಕಿರಬೇಕು. ಹಿಡಿದ ಹಟ ಬಿಡುವವನಲ್ಲ ನಾನು, ಕುಡಿಯುತ್ತೇನೆ. ಅವಳ ಜ್ವರ ಬಿಟ್ಟಿತು, ಉರಿ ಹೋಯಿತು, ಮುಖಕ್ಕೆ ಕಳೆ ಬಂತು. ನಾನು ಮಾತ್ರ ಮೀಟಿಂಗಿನ ನಡುವೆ ನಾಲ್ಕು ಸಲ ಏಳುತ್ತೇನೆ. ಮ್ಯಾನೇಜರು ಈಗ ನನಗಾಗಿ ಬಾಗಿಲ ಪಕ್ಕದ ಕುರ್ಚಿ ಬಿಡಿಸಿಕೊಟ್ಟಿದ್ದಾರೆ.

ಮೊನ್ನೆ ಅಮ್ಮ ಊರಿನ ಚಿಕ್ಕಮ್ಮನ ಹತ್ತಿರ ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ನೀರಿನದ್ದು ಎಂತ ತೊಂದ್ರೆ ಇಲ್ಲ, ನಾನು ಚೆನ್ನಾಗಿ ಕುಡಿತೇನೆ. ನನಗೆ ಇವನದ್ದೇ ಚಿಂತೆ. ಗಳಿಗೆಗೊಮ್ಮೆ ಬಚ್ಚಲಿಗೆ ಓಡ್ತಾನೆ ಮಾರಾಯ್ತಿ. ಶುಗರ್ ಇರ್ಬೇಕು. ಓದಿದವ ಅಲ್ವಾ, ಹೇಳಿದ್ರೆ ಕೇಳೂದಿಲ್ಲ. ನಾನು ಬಿಡೂದಿಲ್ಲ, ಈ ಶುಕ್ರವಾರ ಟೆಸ್ಟ್ ಮಾಡಿಸಿಯೇ ಸಿದ್ಧ." ಇಂದು ಆ ಶುಕ್ರವಾರ. ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳಿದೆ. ಖಾಲಿ ಹೊಟ್ಟೆಯಲ್ಲಿ ಬನ್ನಿ, ಬೇಕಿದ್ದರೆ ನೀರು ಮಾತ್ರ ಕುಡಿಯಬಹುದು ಎಂದರು. ಸ್ಪೀಕರಿನಲ್ಲಿ ಹಾಕಿದ್ದು ನನ್ನದೇ ತಪ್ಪು. ಹಿಂದಿಯ ಆ ಇಡೀ ವಾಕ್ಯದಲ್ಲಿ ಅಮ್ಮನಿಗೆ ತಿಳಿದದ್ದು 'ಪಾನಿ' ಎಂಬ ಒಂದು ಶಬ್ದ. ಲೋಟ ತುಂಬಿಸಿಕೊಂಡು ಬಂದು ಎದುರಿಗೆ ನಿಂತಿದ್ದಾಳೆ.